ಓದುಗರ ಪ್ರಶ್ನೆ: ಜಿಲ್ಲೆಯ ಸಂಖ್ಯಾಶಾಸ್ತ್ರಜ್ಞರಿಗೆ ಒಂದು ಸಂಘವೇಕೆ?

ಕಳೆದ ಸಂಚಿಕೆಯಲ್ಲಿ ಬೆಳೆ ಅಂದಾಜಿನ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಶಿವಮೊಗ್ಗದಲ್ಲಿ ತಿಂಗಳಿಗೊಮ್ಮೆ ಸೇರುವ ಸಂಖ್ಯಾಶಾಸ್ತ್ರಜ್ಞರ ನಮ್ಮ ಚಿಕ್ಕ ಬಳಗದ ಬಗ್ಗೆ ಎರಡು ಸಾಲು ಬರೆದಿದ್ದೆ. ಆ ಎರಡು ಸಾಲನ್ನೇ ಹಿಡಿದು ಹಲವು ಪತ್ರಗಳು ಬಂದಿರುವುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಹೆಸರು ಬೇಡವೆಂದು ಕೋರಿದ್ದಾರೆ, ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಡೀ ಸಂಸ್ಥೆಯಲ್ಲಿ ಈ ವಿಷಯ ಓದಿದವಳು ನಾನೊಬ್ಬಳೇ. ನಿಮ್ಮ ಬಳಗಕ್ಕೆ ಬಾ ಎಂದು ಗೆಳತಿಯೊಬ್ಬಳು ಕರೆಯುತ್ತಿದ್ದಾಳೆ. ಅದರಿಂದ ಬಡ್ತಿಗೋ ಹೊಸ ಕೆಲಸಕ್ಕೋ ಅನುಕೂಲವಾಗುತ್ತದೆಯೇ? ವಾರಕ್ಕೊಂದು ಸಿಗುವ ಭಾನುವಾರವನ್ನು ಅದಕ್ಕೆ ಕೊಡುವುದು ಸರಿಯೇ?
– ಓದುಗರು, ಶಿವಮೊಗ್ಗ

ಉತ್ತರ: ಬಡ್ತಿಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಸದಸ್ಯತ್ವದ ರಸೀದಿ ನೋಡಿ ಬಡ್ತಿ ಕೊಟ್ಟ ಸಂಸ್ಥೆಯನ್ನು ನಾನು ಕಂಡಿಲ್ಲ. ನಾಲ್ಕು ಜನ ಸೇರುವ ಕಡೆ ಹೊಸ ಕೆಲಸದ ಸುದ್ದಿ ಬೇಗ ತಿಳಿಯುತ್ತದೆ ಎನ್ನುವುದು ನಿಜವಾದರೂ, ಅದೊಂದಕ್ಕಾಗಿಯೇ ಬಂದವರು ಮೂರನೆಯ ಸಭೆಯ ಹೊತ್ತಿಗೆ ಬರುವುದನ್ನು ನಿಲ್ಲಿಸುತ್ತಾರೆ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿನಲ್ಲಿ ನಿಂತಿದ್ದು ‘ಓದಿದವಳು ನಾನೊಬ್ಬಳೇ’ ಎಂಬ ಮಾತು.

ಬ್ಯಾಂಕಿನಲ್ಲಿ ಒಬ್ಬರು ಬರೆದ ಚೀಟಿಗೆ ಇನ್ನೊಬ್ಬರ ಸಹಿ ಬೀಳದೆ ಹಣ ಕದಲುವುದಿಲ್ಲ. ಅಡಿಕೆ ಮಂಡಿಯಲ್ಲಿ ಚೀಲವನ್ನು ತೂಕಕ್ಕಿಟ್ಟಾಗ ಮಾರುವವರೂ ಕೊಳ್ಳುವವರೂ ಒಟ್ಟಿಗೆ ನೋಡುತ್ತಾರೆ. ನಮ್ಮ ಕೆಲಸದಲ್ಲಿ ಆ ಎರಡನೆಯ ಕಣ್ಣು ಇಲ್ಲ. ನಮ್ಮಂಥ ಜಿಲ್ಲೆಯಲ್ಲಿ ಸಂಖ್ಯಾಶಾಸ್ತ್ರ ಓದಿದವರು ಆಸ್ಪತ್ರೆಗೊಬ್ಬರು, ಕಾಲೇಜಿಗೊಬ್ಬರು, ಸಹಕಾರ ಸಂಸ್ಥೆಗೊಬ್ಬರು ಎಂಬಂತೆ ಚದುರಿದ್ದಾರೆ. ಅವರ ಮೇಜಿನಿಂದ ಹೊರಟ ಅಂಕಿ ನೇರವಾಗಿ ವರದಿಗೆ ಸೇರುತ್ತದೆ. ಮೇಲಧಿಕಾರಿಗಳು ಅಡ್ಡಸಾಲು, ಉದ್ದಸಾಲಿನ ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡಬಲ್ಲರೇ ಹೊರತು, ಆ ಎರಡು ಗುಂಪುಗಳನ್ನು ಸೇರಿಸಿ ಸರಾಸರಿ ತೆಗೆಯಲೇಬಾರದಿತ್ತು ಎಂದು ಹೇಳಬಲ್ಲವರಲ್ಲ. ಅದು ಅವರ ತಪ್ಪೂ ಅಲ್ಲ.

ಇದು ನನಗೆ ಮನದಟ್ಟಾದ ಸಂದರ್ಭವೊಂದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಮೂರು ತಾಲ್ಲೂಕುಗಳ ಅಡಿಕೆ ತೋಟಗಳ ಇಳುವರಿಯ ಅಂದಾಜು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೋಟದಿಂದ ತೋಟಕ್ಕೆ ಹೋಗಿ ಬೇರೆಯವರು ತುಂಬಿಸಿ ತಂದಿದ್ದ ನಮೂನೆಗಳಲ್ಲಿ ‘ಎಕರೆಗೆ ಇಳುವರಿ, ಕ್ವಿಂಟಲ್’ ಎಂಬ ಒಂದು ಕಲಂ ಇತ್ತು. ಅಂಕಿಗಳನ್ನು ಹಾಕಿ ನೋಡಿದಾಗ ಒಂದು ತಾಲ್ಲೂಕಿಗೂ ಇನ್ನೊಂದಕ್ಕೂ ಇದ್ದ ಅಂತರ ದೊಡ್ಡದಾಗಿ ಕಂಡಿತು. ನಾನು ಅದನ್ನು ನೀರಾವರಿಯ ವ್ಯತ್ಯಾಸವೆಂದು ವಿವರಿಸಿ, ಪೂರಕವಾಗಿ ಒಂದು ಸಾಂಖ್ಯಿಕ ಪರೀಕ್ಷೆಯನ್ನೂ ಮಾಡಿ, ಎರಡು ಪುಟ ಬರೆದಿಟ್ಟೆ. ವರದಿ ಕಳುಹಿಸುವ ಮುಂಚಿನ ಭಾನುವಾರ ಐದಾರು ಜನ ಸಹೋದ್ಯೋಗಿಗಳ ಮುಂದೆ ಅದನ್ನು ಓದಿದಾಗ, ಜೀವಮಾನವನ್ನೆಲ್ಲ ಬೆಳೆ ಕಟಾವು ಪ್ರಯೋಗಗಳಲ್ಲೇ ಕಳೆದಿದ್ದ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಇದು ಹಸಿಯೋ, ಒಣಗಿದ್ದೋ?”

ನಾನು ನಮೂನೆಗಳನ್ನು ಮತ್ತೆ ಬಿಚ್ಚಿದೆ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟವರು ಹಸಿ ಅಡಿಕೆಯ ತೂಕ ಹೇಳಿದ್ದರು. ಮನೆಯಲ್ಲೇ ಸುಲಿದು, ಬೇಯಿಸಿ, ಒಣಗಿಸಿದವರು ಒಣ ಅಡಿಕೆಯ ತೂಕ ಹೇಳಿದ್ದರು. ಒಂದು ಕ್ವಿಂಟಲ್ ಹಸಿ ಅಡಿಕೆಯನ್ನು ಸಂಸ್ಕರಿಸಿದರೆ ಹನ್ನೆರಡು ಹದಿಮೂರು ಕಿಲೋದ ಆಸುಪಾಸಿನಲ್ಲಿ ಒಣ ಅಡಿಕೆ ಸಿಗುತ್ತದೆ ಎನ್ನುವುದು ಮಲೆನಾಡಿನ ಯಾವ ಬೆಳೆಗಾರರಿಗೂ ಗೊತ್ತಿರುವ ಸಂಗತಿ. ನಾನು ನೀರಾವರಿಯೆಂದು ವಿವರಿಸಿದ್ದ ಅಂತರದ ಬಹುಪಾಲು ಬರೀ ಚೇಣಿಯ ರೂಢಿಯಿಂದ ಬಂದಿತ್ತು. ಮಾಡಿದ ಪರೀಕ್ಷೆಯಲ್ಲಿ, ಗಣಿತದಲ್ಲಿ ಒಂದು ದೋಷವೂ ಇರಲಿಲ್ಲ. ಆ ವರದಿ ಹಾಗೆಯೇ ಹೋಗಿದ್ದರೆ ಅದನ್ನು ನಂಬಿ ಯಾರೋ ನೀರಾವರಿಗೆ ಹಣ ಹಾಕುತ್ತಿದ್ದರು. ಆ ಹಿರಿಯರು ಈಗಿಲ್ಲ. ಅವರ ಪ್ರಶ್ನೆಯ ಋಣ ನನ್ನ ಮೇಲಿದೆ. ಹೊಸ ನಮೂನೆ ಕೈಗೆ ಬಂದಾಗಲೆಲ್ಲ ಇವತ್ತಿಗೂ ನಾನು ಮೊದಲು ನೋಡುವುದು ಕಲಮಿನ ತಲೆಬರಹವನ್ನು.

ಇನ್ನೊಬ್ಬರ ಪ್ರಶ್ನೆಯಿಂದ ತಪ್ಪು ತಿದ್ದಿಕೊಳ್ಳಬಹುದು ಎನ್ನುವುದಷ್ಟೇ ಅಲ್ಲ, ಹೊಸದು ಹುಟ್ಟುವುದೂ ಉಂಟು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾವ್ ಅವರು 1941ರಲ್ಲಿ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸೇರಿದವರು. ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಿರಲು ಸಾಧ್ಯವೆಂಬುದರ ಕುರಿತು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ ಫಲಿತಾಂಶವನ್ನು ಅವರು ಪಾಠ ಮಾಡುತ್ತಿದ್ದಾಗ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ.ಎಂ. ದಾಂಡೇಕರ್, ಇದು ದೊಡ್ಡ ಮಾದರಿಗಳಿಗೆ (ಸಮೂಹದಿಂದ ಆಯ್ದುಕೊಂಡ ಭಾಗಗಳಿಗೆ) ಮಾತ್ರ ಅನ್ವಯಿಸುವಂಥದ್ದು, ಚಿಕ್ಕ ಮಾದರಿಗಳಿಗೂ ಇಂಥದೊಂದು ಮಿತಿ ಸಿಗುವುದಿಲ್ಲವೇ ಎಂದು ತರಗತಿಯಲ್ಲಿ ಕೇಳಿದರಂತೆ. ರಾವ್ ಅಂದೇ ರಾತ್ರಿ ಕುಳಿತು ಅದನ್ನು ಸಾಧಿಸಿದ್ದಾಗಿ ಮುಂದೆ ನೆನಪಿಸಿಕೊಂಡಿದ್ದಾರೆ. ಇಂದು ಕ್ರಾಮರ್–ರಾವ್ ಮಿತಿ ಎಂದು ಲೋಕವೆಲ್ಲ ಓದುವ ಆ ಫಲಿತಾಂಶ 1945ರಲ್ಲಿ ಪ್ರಕಟವಾದದ್ದು ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ. ಒಂದು ಊರಿನ ಹೆಸರು ಹೊತ್ತ ಸಂಘ, ಅದರ ಪತ್ರಿಕೆ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪುರಸ್ಕಾರ ಅವರಿಗೆ ಬಂದಾಗ ಎಲ್ಲರೂ ಉಲ್ಲೇಖಿಸಿದ್ದು ಅದೇ ಲೇಖನವನ್ನು.

ನಿಮ್ಮ ಆಸ್ಪತ್ರೆಯ ಕೆಲಸಕ್ಕೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯ ಅಂಕಿಗಳು ಬೇಸಿಗೆ ಬರುತ್ತಿದ್ದಂತೆ ನಿಮ್ಮ ಮೇಜಿಗೆ ಬರುತ್ತಿರಬಹುದು. ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಹೆಚ್ಚಿವೆ ಎಂದು ಬರೆಯುವ ಮುಂಚೆ, ಹಿಂದಿನ ವರ್ಷ ಎಷ್ಟು ಜನರ ರಕ್ತ ಪರೀಕ್ಷೆಯಾಗಿತ್ತು, ಈ ವರ್ಷ ಎಷ್ಟಾಗಿದೆ ಎಂದು ಕೇಳುವ ಒಬ್ಬರಾದರೂ ನಿಮ್ಮ ಎದುರಿಗೆ ಇರಬೇಕು. ಅಂಥ ಪ್ರಶ್ನೆ ಕೇಳುವವರು ಭಾನುವಾರ ಬೆಳಗ್ಗೆ ಸಿಗುತ್ತಾರೆ. ಬರುವಾಗ ಒಂದು ಎಚ್ಚರಿಕೆ ಇರಲಿ: ರೋಗಿಗಳ ಹೆಸರಿರುವ ಹಾಳೆಯನ್ನು ಯಾವ ಕಾರಣಕ್ಕೂ ತರಬೇಡಿ. ಹೆಸರು ತೆಗೆದರೆ ಸಾಲದು. ಹತ್ತು ಮನೆಯ ಹಳ್ಳಿಯೊಂದರ ಹೆಸರೂ ವಯಸ್ಸೂ ಒಟ್ಟಿಗಿದ್ದರೆ ಆ ವ್ಯಕ್ತಿ ಯಾರೆಂದು ಊರಿನವರಿಗೆ ತಿಳಿಯುತ್ತದೆ. ತಾಲ್ಲೂಕುವಾರು ಮೊತ್ತಗಳನ್ನು ಮಾತ್ರ, ಅದೂ ಆಸ್ಪತ್ರೆಯವರ ಒಪ್ಪಿಗೆ ಪಡೆದು ತನ್ನಿ. ಅಂಕಿಯನ್ನೇ ತರಲಾಗದ ತಿಂಗಳು ನಿಮ್ಮ ಸಂದೇಹವನ್ನು ಮಾತ್ರ ತಂದರೂ ಸಾಕು. ಮೂರು ಸಭೆ ಬಂದು ನೋಡಿ, ಚಂದಾ ಕೊಡುವ ಮಾತು ಆಮೇಲಿರಲಿ.

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರಜ್ಞನಲ್ಲ, ಮೂರು ಎಕರೆ ಅಡಿಕೆ ತೋಟದವನು. ತಂದೆಯವರ ಕಾಲದಿಂದಲೂ ನಮ್ಮ ಅಂಗಳದಲ್ಲಿ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಕಳೆದ ಮಳೆಗಾಲದಲ್ಲಿ ಪಂಚಾಯಿತಿಯ ಮಳೆಮಾಪಕದ ಅಂಕಿಗೂ ನಮ್ಮ ಪುಸ್ತಕಕ್ಕೂ ಅಜಗಜಾಂತರವಿತ್ತು. ಬೆಳೆ ವಿಮೆಯ ಪರಿಹಾರ ಆ ಮಾಪಕವನ್ನೇ ನಂಬಿಕೊಂಡಿದೆ. ನಿಮ್ಮ ಸಂಘದವರು ನಮ್ಮ ಪರವಾಗಿ ನಿಲ್ಲುತ್ತೀರಾ? ನಮ್ಮಂಥವರು ಸದಸ್ಯರಾಗಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೂ ಕಾಳುಮೆಣಸಿಗೂ ಪರಿಹಾರ ಲೆಕ್ಕ ಹಾಕುವಾಗ ತೋಟಕ್ಕೆ ಬಂದು ಕೊಳೆತು ಉದುರಿದ ಕಾಯಿಯನ್ನು ಯಾರೂ ಎಣಿಸುವುದಿಲ್ಲ. ಗೊತ್ತುಪಡಿಸಿದ ಮಾಪಕದಲ್ಲಿ ದಾಖಲಾದ ಹವಾಮಾನ ಗೊತ್ತುಪಡಿಸಿದ ಮಿತಿಯನ್ನು ದಾಟಿತೇ ಎಂಬುದನ್ನಷ್ಟೇ ನೋಡುತ್ತಾರೆ. ಹಾಗಿರುವಾಗ ಮಾಪಕದ ಒಂದು ಸಾಲು ತಪ್ಪಿದರೆ ಇಡೀ ಪಂಚಾಯಿತಿಯ ಬೆಳೆಗಾರರ ಪರಿಹಾರ ತಪ್ಪುತ್ತದೆ.

ಆದರೂ ‘ಪರವಾಗಿ ನಿಲ್ಲುವ’ ಮಾತಿಗೆ ನಾನು ಹೂಂ ಎನ್ನಲಾರೆ. ವೃತ್ತಿಪರರ ಸಂಘ ಇಂದು ನಿಮ್ಮ ಪರ ಎಂದು ಮೊದಲೇ ಹೇಳಿಬಿಟ್ಟರೆ, ನಾಳೆ ಅದು ಕೊಡುವ ಟಿಪ್ಪಣಿಯನ್ನು ವಿಮೆಯವರು ಓದದೆಯೇ ಪಕ್ಕಕ್ಕಿಡುತ್ತಾರೆ. ಆಗ ನಷ್ಟವಾಗುವುದು ನಿಮಗೇ. ನಾವು ಮಾಡಬಹುದಾದದ್ದು ಎರಡು ದಾಖಲೆಗಳನ್ನೂ ಒಂದೇ ಮೇಜಿನ ಮೇಲಿಟ್ಟು, ಒಂದೇ ರೀತಿಯ ಅನುಮಾನದಿಂದ ಪರಿಶೀಲಿಸುವುದು. ಹಾಗೆ ಪರಿಶೀಲಿಸುವಾಗ ಏನೇನು ಕೇಳುತ್ತೇವೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ಅದನ್ನು ನೀವೇ ಮನೆಯಲ್ಲಿ ಕುಳಿತು ಆರಂಭಿಸಬಹುದು.

ನೀವು ಮಳೆ ಅಳೆಯುವುದು ಎಷ್ಟು ಗಂಟೆಗೆ? ನಮ್ಮ ದೇಶದಲ್ಲಿ ಅಧಿಕೃತ ಮಳೆದಿನ ಬೆಳಗ್ಗೆ 8.30ಕ್ಕೆ ಆರಂಭವಾಗಿ ಮರುದಿನದ 8.30ಕ್ಕೆ ತುಂಬುತ್ತದೆ. ನೀವು ಸಂಜೆ ಆರಕ್ಕೆ ಅಳೆದು ಆ ದಿನದ ತಾರೀಖು ಹಾಕುತ್ತಿದ್ದರೆ, ಹಗಲಿನಲ್ಲಿ ಸುರಿದ ಮಳೆ ನಿಮ್ಮ ಪುಸ್ತಕದಲ್ಲಿ ಒಂದು ತಾರೀಖಿನಲ್ಲೂ ಅವರ ದಾಖಲೆಯಲ್ಲಿ ಇನ್ನೊಂದು ತಾರೀಖಿನಲ್ಲೂ ಇರುತ್ತದೆ. ಇಡೀ ತಿಂಗಳ ಮೊತ್ತದಲ್ಲಿ ಇದರಿಂದ ಹೆಚ್ಚಿನ ವ್ಯತ್ಯಾಸ ಕಾಣದು. ದಿನದ ಲೆಕ್ಕ, ಸತತ ದಿನಗಳ ಲೆಕ್ಕ ಹಾಕುವಾಗ ಮಾತ್ರ ಎಲ್ಲವೂ ಅದಲುಬದಲಾಗುತ್ತದೆ. ಆದ್ದರಿಂದ ಮೊದಲು ತಿಂಗಳ ಮೊತ್ತಗಳನ್ನು ಹೋಲಿಸಿ. ಅವು ಹತ್ತಿರವಿದ್ದು ದಿನದ ಅಂಕಿಗಳು ಮಾತ್ರ ಹೊಂದದಿದ್ದರೆ, ದೋಷ ಮಾಪಕದಲ್ಲಿಲ್ಲ, ಗಡಿಯಾರದಲ್ಲಿದೆ.

ತಿಂಗಳ ಮೊತ್ತವೂ ಹೊಂದದಿದ್ದರೆ ಸೊನ್ನೆಗಳನ್ನು ಹುಡುಕಿ. ನಮ್ಮ ಬಳಗದಲ್ಲಿ ಒಮ್ಮೆ ಇಂಥದೇ ದಾಖಲೆಯೊಂದನ್ನು ನೋಡುತ್ತಿದ್ದಾಗ ಜುಲೈ ತಿಂಗಳ ನಡುವೆ ಸಾಲಾಗಿ ನಾಲ್ಕು ಸೊನ್ನೆಗಳು ಕಂಡವು. ಆರಿದ್ರಾ ಕಳೆದು ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಳ್ಳುವ ಕಾಲದಲ್ಲಿ, ಸುತ್ತಲಿನ ಮಾಪಕಗಳೆಲ್ಲ ನೂರು ಮಿಲಿಮೀಟರಿನ ಆಸುಪಾಸಿನಲ್ಲಿರುವಾಗ, ಘಟ್ಟದ ಅಂಚಿನ ಒಂದೂರಿನಲ್ಲಿ ಮಾತ್ರ ನಾಲ್ಕು ದಿನ ಒಂದು ಹನಿಯೂ ಬೀಳಲಿಲ್ಲವೆಂದರೆ ನಂಬುವುದು ಹೇಗೆ? ಆ ದಿನಗಳಲ್ಲಿ ಮಾಪಕದಿಂದ ಮಾಹಿತಿಯೇ ಬಂದಿರಲಿಲ್ಲ. ಖಾಲಿ ಬಿಡಬೇಕಾದ ಜಾಗದಲ್ಲಿ ಸೊನ್ನೆ ಕೂತಿತ್ತು. ‘ಗೊತ್ತಿಲ್ಲ’ ಎನ್ನುವುದಕ್ಕೂ ‘ಇಲ್ಲ’ ಎನ್ನುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಳೆಯ ಲೆಕ್ಕದಲ್ಲಿ ಅದರ ಬೆಲೆ ರೂಪಾಯಿಗಳಲ್ಲಿ ತೆರಬೇಕಾಗುತ್ತದೆ.

ಇನ್ನು ಜಾಗ. ಮಾಪಕದ ಸುತ್ತ ಮರವೋ ಕಟ್ಟಡವೋ ಇದ್ದರೆ, ಅದು ಮಾಪಕದ ಬಾಯಿಗಿಂತ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿರಬೇಕು. ಈ ನಿಯಮ ಪಂಚಾಯಿತಿಯ ಮಾಪಕಕ್ಕೂ ಅನ್ವಯ, ನಿಮ್ಮ ಅಂಗಳದ ಮಾಪಕಕ್ಕೂ ಅನ್ವಯ; ಮಲೆನಾಡಿನ ಅಂಗಳದ ಸುತ್ತ ತೆಂಗು, ಹಲಸು ಇಲ್ಲದಿರುವುದು ಅಪರೂಪವಾದ್ದರಿಂದ ನಿಮ್ಮದನ್ನೂ ಟೇಪು ಹಿಡಿದು ಅಳೆಯಿರಿ. ತಾನೇ ಬರೆದುಕೊಳ್ಳುವ ಮಾಪಕಗಳಲ್ಲಿ ಹಲವು, ಒಳಗಿರುವ ಪುಟ್ಟ ಬಟ್ಟಲೊಂದು ತುಂಬಿ ಮಗುಚುವುದನ್ನು ಎಣಿಸಿ ಮಳೆಯನ್ನು ಲೆಕ್ಕ ಹಾಕುತ್ತವೆ. ಮಳೆ ತೀರಾ ರಭಸವಾಗಿ ಹೊಯ್ಯುವಾಗ ಬಟ್ಟಲು ಮಗುಚುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕ ತಪ್ಪಿ ಹೋಗುತ್ತದೆ. ಆಲಿಕೆಗೆ ಎಲೆ ಕೂತರೆ ಇಡೀ ದಿನದ ಮಳೆಯೇ ತಪ್ಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಅಂತರ ಉಳಿಯಬಹುದು, ಏಕೆಂದರೆ ಮಲೆನಾಡಿನಲ್ಲಿ ಮಳೆ ಗುಡ್ಡದಿಂದ ಗುಡ್ಡಕ್ಕೆ ಬೇರೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಅದರ ಐದನೆಯ ಒಂದು ಪಾಲೂ ಬೀಳುವುದಿಲ್ಲ. ಒಂದು ಪಂಚಾಯಿತಿಗೆ ಒಂದು ಮಾಪಕ ಸಾಕೇ ಎಂಬ ಪ್ರಶ್ನೆ ಬಯಲುಸೀಮೆಗಿಂತ ನಮ್ಮಲ್ಲಿ ಹೆಚ್ಚು ಗಂಭೀರವಾಗಿರುವುದು ಇದರಿಂದಲೇ. ಮಾಪಕಗಳನ್ನು ಹೆಚ್ಚಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ; ಅದನ್ನು ಅಧಿಕಾರಿಗಳ ಮುಂದಿಡುವಾಗ ನಿಮ್ಮಂಥವರ ಹತ್ತು ಮನೆಗಳ ಪುಸ್ತಕಗಳು ನೂರು ಮನವಿಪತ್ರಗಳಿಗಿಂತ ಹೆಚ್ಚು ಮಾತಾಡುತ್ತವೆ.

ಸದಸ್ಯತ್ವದ ವಿಚಾರದಲ್ಲಿ ನಮ್ಮ ರೂಢಿ ಹೀಗಿದೆ: ಸಭೆಗೆ ಯಾರು ಬೇಕಾದರೂ ಬಂದು ಕೂರಬಹುದು, ತಮ್ಮ ಅಂಕಿಗಳನ್ನು ಮುಂದಿಡಬಹುದು. ಪರಿಶೀಲಿಸಿದ ಮೇಲೆ ಎರಡು ಪುಟದ ಟಿಪ್ಪಣಿ ಬರೆದು, ಅದನ್ನು ಕೇಳಿದವರಿಗೂ ಎದುರಿನವರಿಗೂ ಒಂದೇ ದಿನ ಕೊಡುತ್ತೇವೆ. ನಿಮಗೆ ಅನುಕೂಲವಾಗುವ ಸಾಲನ್ನು ಮಾತ್ರ ಕತ್ತರಿಸಿ ಬಳಸಬಾರದೆಂಬುದು ನಮ್ಮ ಒಂದೇ ಷರತ್ತು. ತಂದೆಯವರ ಪುಸ್ತಕಗಳನ್ನು ಮಾತ್ರ ನಮ್ಮ ತನಕ ತರುವ ಮೊದಲೇ ಪುಟಪುಟವಾಗಿ ಫೋಟೋ ತೆಗೆದಿಟ್ಟುಕೊಳ್ಳಿ. ಅಟ್ಟದ ಮೇಲಿನ ಗೆದ್ದಲಿಗೂ ಮಳೆಗಾಲದ ಥಂಡಿಗೂ ಬಲಿಯಾದ ಇಂಥ ಪುಸ್ತಕಗಳನ್ನು ಕಂಡು ನಾನು ನೊಂದಿದ್ದೇನೆ.

ಪ್ರಶ್ನೆ: ಸರ್ಕಾರಿ ಸೇವೆಯಲ್ಲಿ ಅಂಕಿಅಂಶಗಳ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ನಮ್ಮಲ್ಲೂ ಇಂಥದೊಂದು ಸಂಘ ಕಟ್ಟಬೇಕೆಂದು ಏಳೆಂಟು ಜನ ಮಾತಾಡಿಕೊಂಡಿದ್ದೇವೆ. ನೋಂದಣಿಗೆ ಏನು ಬೇಕು? ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳನ್ನು ಹೇಗೆ ಹಂಚಬೇಕು? ಉದ್ಘಾಟನೆಗೆ ಎಂಥವರನ್ನು ಕರೆಯುವುದು ಸೂಕ್ತ?
– ಓದುಗರು, ಸಾಗರ

ಉತ್ತರ: ತಮ್ಮ ಉತ್ಸಾಹಕ್ಕೆ ವಂದನೆಗಳು. ಕಾನೂನಿನ ಮಾತು ಸರಳವಾಗಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ, ಉದ್ದೇಶಗಳನ್ನು ಹೇಳುವ ಜ್ಞಾಪನ ಪತ್ರವನ್ನೂ ನಿಯಮಾವಳಿಯನ್ನೂ ಸಿದ್ಧಪಡಿಸಿ ನೋಂದಣಾಧಿಕಾರಿಗಳಿಗೆ ಸಲ್ಲಿಸಬಹುದು. ನೋಂದಣಿಯಾದ ಮೇಲೆ ಪ್ರತಿವರ್ಷ ಮಹಾಸಭೆ ನಡೆಸುವ, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸುವ ಹೊಣೆ ಹೆಗಲೇರುತ್ತದೆ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವ, ದೇಣಿಗೆ ಪಡೆಯುವ ಅಗತ್ಯ ಬೀಳುವವರೆಗೆ ಆ ಹೊಣೆಯನ್ನು ಹೊರಬೇಕಾಗಿಲ್ಲ. ಒಂದು ವರ್ಷ ಸುಮ್ಮನೆ ಸೇರಿ. ಹನ್ನೆರಡು ಸಭೆ ನಡೆದ ಮೇಲೆ ನೋಂದಣಿಯ ಮಾತು ಎತ್ತಿ. ಪದವಿಗಳ ಹಂಚಿಕೆಯಿಂದ ಆರಂಭವಾದ ಸಂಘಗಳು ಆ ಹಂಚಿಕೆಯಲ್ಲೇ ಮುರಿದುಬಿದ್ದುದನ್ನು ನಾನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ.

ಕಡಿಮೆ ಜನರೆಂದು ತಾವು ಅಳುಕಬೇಕಾಗಿಲ್ಲ. ಅಮೆರಿಕದ ಸಾಂಖ್ಯಿಕ ಸಂಘವನ್ನು 1839ರಲ್ಲಿ ಬಾಸ್ಟನ್ ನಗರದಲ್ಲಿ ಕಟ್ಟಿದವರು ಐದು ಮಂದಿ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಮೊದಲಾದವರು 1931ರ ಡಿಸೆಂಬರ್ 17ರಂದು ಕಲ್ಕತ್ತೆಯಲ್ಲಿ ಸಭೆ ಸೇರಿ ಸ್ಥಾಪಿಸಲು ನಿರ್ಧರಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಎರಡು ವರ್ಷದೊಳಗೆ ‘ಸಂಖ್ಯಾ’ ಎಂಬ ಪತ್ರಿಕೆಯನ್ನು ಆರಂಭಿಸಿತು. ಸಂಸತ್ತಿನ ಕಾಯಿದೆಯ ಮೂಲಕ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಬಂದದ್ದು 1959ರಲ್ಲಿ. ಕೆಲಸ ಮೊದಲು ನಡೆಯಿತು, ಮನ್ನಣೆ ಹಿಂದಿನಿಂದ ಬಂತು.

1834ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸಾಂಖ್ಯಿಕ ಸಂಘದ ಮೊದಲ ಲಾಂಛನ ಗೋಧಿಯ ಒಂದು ಸಿವುಡು. ಅದರೊಡನೆ ಲ್ಯಾಟಿನ್ ಭಾಷೆಯ ಎರಡು ಪದಗಳಿದ್ದವು; ‘ಒಕ್ಕುವುದು ಬೇರೆಯವರ ಕೆಲಸ’ ಎಂಬುದು ಅವುಗಳ ಭಾವ. ಅಂಕಿಗಳನ್ನು ಕೂಡಿಹಾಕಿ ಸಿವುಡು ಕಟ್ಟಿಕೊಡುವಷ್ಟಕ್ಕೇ ನಮ್ಮ ಕೆಲಸ ಮುಗಿಯಿತೆಂದು ಆ ಹಿರಿಯರು ಆಗ ಎಣಿಸಿದ್ದರು. ಮುಂದೆ ಆ ಮಾತನ್ನು ಅವರೇ ಕೈಬಿಟ್ಟರು. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಆ ಸಂಘದ ಮೊದಲ ಮಹಿಳಾ ಸದಸ್ಯೆಯಾಗಿ ಆಯ್ಕೆಯಾದದ್ದು ಸೈನಿಕರ ಸಾವಿನ ಅಂಕಿಗಳನ್ನು ಒಕ್ಕಿ, ತೂರಿ, ಕಾರಣವನ್ನು ಬೇರ್ಪಡಿಸಿ ತೋರಿಸಿದ್ದಕ್ಕೆ. ಕಣದಲ್ಲಿ ಬೆಳೆದ ನಮಗೆ ಸಿವುಡಿಗೂ ಭತ್ತಕ್ಕೂ ನಡುವಿನ ಕೆಲಸ ಎಷ್ಟೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಜಿಲ್ಲೆಯ ಸಂಘ ಆ ಕಣವಾಗಬೇಕೆಂಬುದು ನನ್ನ ಆಸೆ.

ಆದ್ದರಿಂದ ಉದ್ಘಾಟನೆಗೆ ಯಾರನ್ನೂ ಕರೆಯಬೇಡಿರೆಂದು ವಿನಂತಿಸುತ್ತೇನೆ. ಸಭೆ ಕರೆಯಲು ಒಬ್ಬರು, ಚರ್ಚೆಯನ್ನು ಬರೆದಿಡಲು ಒಬ್ಬರು ಇದ್ದರೆ ಸಾಕು. ಆರು ತಿಂಗಳಿಗೊಮ್ಮೆ ಆ ಇಬ್ಬರು ಬದಲಾಗಲಿ. ಮೊದಲ ಸಭೆಗೆ ವಿಷಯ ತಮ್ಮ ಮನೆಬಾಗಿಲಲ್ಲೇ ಇದೆ. ಮಳೆಗಾಲದಲ್ಲಿ ಲಿಂಗನಮಕ್ಕಿ ಜಲಾಶಯದ ಮಟ್ಟವನ್ನು ಪತ್ರಿಕೆಗಳು ದಿನವೂ ಅಡಿಗಳಲ್ಲಿ ಕೊಡುತ್ತವೆ. ಗರಿಷ್ಠ ಮಟ್ಟ 1,819 ಅಡಿ ಎಂಬುದು ಸಾಗರದ ಮಕ್ಕಳಿಗೂ ಬಾಯಿಪಾಠ. ಹೋದ ವರ್ಷ ಇದೇ ದಿನಕ್ಕಿಂತ ಹತ್ತು ಅಡಿ ಕಡಿಮೆ ಎಂದು ಓದಿದಾಗ ನಮಗೆ ತಿಳಿದದ್ದೇನು? ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ, ಕೆಳಗಿನ ಹತ್ತು ಅಡಿಯಲ್ಲಿ ನಿಲ್ಲುವ ನೀರಿಗಿಂತ ಮೇಲಿನ ಹತ್ತು ಅಡಿಯ ನೀರು ಬಹಳ ಹೆಚ್ಚು. ಅಡಿಯ ಅಂಕಿಯನ್ನು ನೀರಿನ ಅಂಕಿಯಾಗಿ ಓದುಗರಿಗೆ ಹೇಗೆ ತಿಳಿಸಬಹುದೆಂದು ಒಂದು ಬೆಳಗ್ಗೆ ಪೂರ್ತಿ ಚರ್ಚಿಸಬಹುದು. ಅಂಥ ಮೂರು ಚರ್ಚೆ ನಡೆದರೆ ಸದಸ್ಯರನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ನೌಕರ. ಇಲಾಖೆಯ ಅಂಕಿಅಂಶಗಳ ಬಗ್ಗೆ ಇಂಥ ಸಭೆಯಲ್ಲಿ ಮಾತನಾಡಿದರೆ ತೊಂದರೆಯಾಗುತ್ತದೆಯೇ?
– ಓದುಗರು, ಭದ್ರಾವತಿ

ಉತ್ತರ: ಪ್ರಕಟವಾದ ಅಂಕಿಗಳ ಬಗ್ಗೆ ಮಾತನಾಡಿ, ಪ್ರಕಟವಾಗದವುಗಳ ಬಗ್ಗೆ ಬೇಡ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 17,52,753 ಎಂಬುದನ್ನಾಗಲಿ, ಜಿಲ್ಲಾ ಅಂಕಿಅಂಶಗಳ ನೋಟದಲ್ಲಿ ಅಚ್ಚಾದ ಕೋಷ್ಟಕಗಳನ್ನಾಗಲಿ ಯಾರು ಎಲ್ಲಿ ಬೇಕಾದರೂ ಚರ್ಚಿಸಬಹುದು. ಸಮೀಕ್ಷೆಗೆ ಜನ ಕೊಟ್ಟ ಬಿಡಿ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು 2008ರ ಅಂಕಿಅಂಶ ಸಂಗ್ರಹಣಾ ಕಾಯಿದೆಯೇ ಹೇಳುತ್ತದೆ. ಅದನ್ನು ಸ್ನೇಹಿತರ ಮುಂದೆಯೂ ಬಿಚ್ಚುವಂತಿಲ್ಲ. ಉಪನ್ಯಾಸ ಕೊಡುವುದಿದ್ದರೆ ನಡತೆ ನಿಯಮಗಳನ್ನು ಒಮ್ಮೆ ಓದಿ, ಮೇಲಧಿಕಾರಿಗಳಿಂದ ಲಿಖಿತ ಅನುಮತಿ ಪಡೆದುಕೊಳ್ಳಿ. ವಿಧಾನದ ಬಗ್ಗೆ ನಿಮಗಿರುವ ಸಂದೇಹವನ್ನು ಅಂಕಿ ಹೇಳದೆಯೂ ಕೇಳಬಹುದು: ನಮೂನೆ ಹೀಗಿದೆ, ತುಂಬದೆ ಬಿಟ್ಟವರು ಇಷ್ಟು ಪಾಲು, ಇಂಥಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ ಸಾಕು. ನಮ್ಮಲ್ಲಿ ಹೆಚ್ಚಿನ ನೌಕರರು ಕೇಳುವುದೇ ಹಾಗೆ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿವರ್ಷ ಜೂನ್ 29ರಂದು ಸಾಂಖ್ಯಿಕ ದಿನ ಆಚರಿಸುತ್ತೇವೆ; ಭಾಷಣ, ರಸಪ್ರಶ್ನೆ, ಊಟ ಆಗುತ್ತದೆ, ಮರುದಿನ ಯಾರ ಮನಸ್ಸಿನಲ್ಲೂ ಏನೂ ಉಳಿದಿರುವುದಿಲ್ಲ. ವಿದ್ಯಾರ್ಥಿಗಳನ್ನು ನಿಮ್ಮ ಬಳಗಕ್ಕೆ ಕರೆತರಬಹುದೇ? ಚರ್ಚೆ ಕನ್ನಡದಲ್ಲಿ ನಡೆಯುತ್ತದೆಯೇ?
– ಓದುಗರು, ಶಿಕಾರಿಪುರ

ಉತ್ತರ: ಧಾರಾಳವಾಗಿ ಕರೆತನ್ನಿ. ಚರ್ಚೆ ಕನ್ನಡದಲ್ಲೇ ನಡೆಯುತ್ತದೆ, ಮತ್ತು ನಡೆಯಬೇಕು. ಶಾಲೆಯ ಪುಸ್ತಕಗಳಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ ಎಂದು ಓದಿ ಬಂದ ಮಕ್ಕಳು ಪದವಿಗೆ ಬಂದೊಡನೆ ಆ ಪದಗಳನ್ನೆಲ್ಲ ಮರೆತು, ಬೆಳೆಗಾರರಿಗೋ ಆಶಾ ಕಾರ್ಯಕರ್ತೆಗೋ ತಮ್ಮ ಲೆಕ್ಕವನ್ನು ವಿವರಿಸಲಾರದೆ ತಡವರಿಸುವುದನ್ನು ದಿನವೂ ನೋಡುತ್ತೇನೆ. ಈ ತೊಡಕು ಮಕ್ಕಳದು ಮಾತ್ರವಲ್ಲ. ಮಾರುಕಟ್ಟೆ ಧಾರಣೆಯನ್ನು ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಕಲಮುಗಳಲ್ಲಿ ಕೊಡುತ್ತಾರೆ. ಅಲ್ಲಿ ‘ಮಾದರಿ’ ಎಂದರೆ ಬಹುಲಕ, ಅಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ನಮ್ಮ ತರಗತಿಯಲ್ಲಿ ‘ಮಾದರಿ’ ಎಂದರೆ ಇಡೀ ಸಮೂಹದಿಂದ ಆಯ್ದುಕೊಂಡ ಭಾಗ. ಬೆಳೆಗಾರರಲ್ಲಿ ಹಲವರು ಅದನ್ನು ಸರಾಸರಿಯೆಂದೇ ಓದುತ್ತಾರೆ. ಒಂದು ಪದಕ್ಕೆ ಮೂರು ಅರ್ಥ, ಅದರ ಮೇಲೆ ಒಂದು ವರ್ಷದ ದುಡಿಮೆಯನ್ನು ಇಂದು ಮಾರಬೇಕೋ ತಡೆಯಬೇಕೋ ಎಂಬ ತೀರ್ಮಾನ.

ಮಹಾಲನೋಬಿಸ್ ಅವರು 1893ರಲ್ಲಿ ಜನಿಸಿದ ದಿನವಾದ ಜೂನ್ 29ನ್ನು 2007ರಿಂದ ದೇಶವೆಲ್ಲ ಆಚರಿಸುತ್ತಿದೆ. ಬೆಳೆಯ ಅಂದಾಜಿಗೆ ಗದ್ದೆಗಳನ್ನೇ ಹೊಕ್ಕು ಮಾದರಿ ಸಮೀಕ್ಷೆ ನಡೆಸಿದವರ ಹೆಸರಿನ ದಿನವನ್ನು ಸಭಾಂಗಣದೊಳಗೇ ಮುಗಿಸುವುದು ನನಗೂ ಸರಿಕಾಣುವುದಿಲ್ಲ. ಮುಂದಿನ ಬಾರಿ ರಸಪ್ರಶ್ನೆಯನ್ನು ಬಿಟ್ಟು, ಮೇ ತಿಂಗಳಿಂದಲೇ ವಿದ್ಯಾರ್ಥಿಗಳಿಗೆ ಈ ಕೆಲಸ ಹಚ್ಚಿ: ದಿನಕ್ಕೊಬ್ಬರಂತೆ ಮೂವತ್ತು ದಿನಗಳ ಅಡಿಕೆ ಧಾರಣೆಯನ್ನು ಬರೆದಿಡಲಿ. ಕನಿಷ್ಠ, ಗರಿಷ್ಠಗಳ ನಡುಬೆಲೆ ಎಷ್ಟು, ಪ್ರಕಟವಾದ ‘ಮಾದರಿ’ ಎಷ್ಟು, ಅದು ನಡುಬೆಲೆಯಿಂದ ಯಾವ ಕಡೆಗೆ ವಾಲಿದೆ ಎಂದು ನೋಡಲಿ. ಎಷ್ಟು ಚೀಲ ಬಂದ ದಿನ ಹೆಚ್ಚು ವಾಲಿದೆ ಎಂಬುದನ್ನೂ ಗಮನಿಸಲಿ. ಬಳಿಕ ಇಬ್ಬರು ಮೂವರು ತಮ್ಮ ಊರಿನ ಬೆಳೆಗಾರರನ್ನು ಮಾತನಾಡಿಸಿ, ಆ ಪದವನ್ನು ಅವರು ಹೇಗೆ ಅರ್ಥ ಮಾಡಿಕೊಂಡಿದ್ದಾರೆಂದು ಅವರದೇ ಮಾತಿನಲ್ಲಿ ಬರೆದು ತರಲಿ.

ಜುಲೈ ತಿಂಗಳ ನಮ್ಮ ಸಭೆಯನ್ನು ಪೂರ್ತಿಯಾಗಿ ಅವರಿಗೆ ಬಿಟ್ಟುಕೊಡುತ್ತೇವೆ. ಹಿರಿಯರು ಮಧ್ಯೆ ಬಾಯಿ ಹಾಕದೆ ಹದಿನೈದು ನಿಮಿಷ ಕೇಳುತ್ತಾರೆ, ಆಮೇಲೆ ಪ್ರಶ್ನೆಗಳು. ಪ್ರಶ್ನೆ ಬಿರುಸಾಗಿ ಬಂದರೆ ಮಕ್ಕಳು ಬೆದರದಂತೆ ಮೊದಲೇ ತಿಳಿಸಿರಿ. ಅಲ್ಲಿ ಎಲ್ಲರಿಗೂ ಹಾಗೆಯೇ ಕೇಳುತ್ತಾರೆ. ಪ್ರತಿ ಹಾಳೆಯ ತಲೆಯಲ್ಲಿ ಯಾವ ಮಾರುಕಟ್ಟೆ, ಯಾವ ತಾರೀಖು, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬುದನ್ನು ಅವರ ಕೈಯಿಂದಲೇ ಬರೆಸಿರಿ, ಮತ್ತು ಮಾರುಕಟ್ಟೆಗೆ ರಜೆಯಿದ್ದ ದಿನದ ಸಾಲಿನಲ್ಲಿ ಸೊನ್ನೆ ಹಾಕದೆ ಖಾಲಿ ಬಿಡುವಂತೆ ಹೇಳಿರಿ.